ಓದೋರ ಕಣ್ಣು ಓಡ್ತಾವ

ಓದಲಿಕ್ಕೇ ಬರದವನು ಬಿ.ಎ. ಪಾಸಾಗುವುದು ಆಗದ ಮಾತು ಎಂದವರು ನಮ್ಮ ಕಚೇರಿಯ ಮುಖ್ಯ ಗುಮಾಸ್ತರಾದ ಶಿವರಾಜಪ್ಪನವರು. ಹಿಂದಿನಿಂದ ಅಲ್ಲ, ನನ್ನ ಎದುರಿಗೇ, ನಾಲ್ಕು ಜನ ಚಹಾ ಕುಡಿಯುತ್ತ ಕೂತಿದ್ದಾಗ ಹೇಳಿದರು. "ಓದಾಕ ಬರದವ ಬಿ.ಎ. ಹ್ಯಾಂಗ ಪಾಸಾಗ್ತಾನ್ರಿ? ಈಸು ಬರದವ ಮಾಂಜ್ರಾ ಹೊಳಿ ದಾಟ್ತೇನಿ ಅಂದಂಗ ಆತು." ಅವರ ಮೇಲೆ ನನಗೆ ಸಿಟ್ಟಿಲ್ಲ. ಆವತ್ತು ನನಗೂ ಹಾಗೇ ಅನ್ನಿಸಿತ್ತು.

ಹೋದ ವಾರ ಅವರೇ ಭಾಲ್ಕಿಯಿಂದ ಬೀದರಿನ ಮೈಲೂರು ಓಣಿಯ ನಮ್ಮ ಮನೆಗೆ ಬಂದು ಮಗಳ ಲಗ್ನಪತ್ರಿಕೆ ಕೊಟ್ಟರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು, ತೋರುಬೆರಳನ್ನು ಒಂದೊಂದೇ ಅಕ್ಷರದ ಮೇಲೆ ಆಡಿಸುತ್ತ ಮದುಮಗಳ ಹೆಸರು ಓದಿದೆ. ಅಷ್ಟು ಹೊತ್ತೂ ಶಿವರಾಜಪ್ಪನವರು ಬಸಿಯಲ್ಲಿ ಸುರಿದುಕೊಂಡ ಚಹಾ ಕುಡಿಯದೆ ನನ್ನ ಬೆರಳನ್ನೇ ನೋಡುತ್ತಿದ್ದರು. ಅವರು ಹೋದ ಮೇಲೆ ನೋಡಿದರೆ ಬೆರಳ ತುದಿ ಹಳದಿಯಾಗಿತ್ತು. ಮೂಸಿದೆ. ಅದರ ವಾಸನೆಗೆ ಯಾಕೋ ಹಿಂದಿನದೆಲ್ಲ ಎದ್ದು ಬಂತು. ಯಾರಿಗಾದರೂ ಹೇಳಬೇಕು, ನಿಮಗೇ ಹೇಳುತ್ತೇನೆ.

ನಮ್ಮ ವಂಶದಲ್ಲಿ ಅಕ್ಷರ ಕಲಿತ ಮೊದಲಿಗ ನಾನು. ಅಪ್ಪನದು ಹೆಬ್ಬೆಟ್ಟು, ಅವ್ವನದೂ ಹೆಬ್ಬೆಟ್ಟು. ಭಾಲ್ಕಿಯ ಒಂದು ಶಾಲೆಯಲ್ಲಿ ಜವಾನನಾಗಿ ಸೇರಿ, ಗಂಟೆ ಬಾರಿಸುತ್ತಲೇ ಪಿ.ಯು.ಸಿ. ಕಟ್ಟಿ, ಎರಡು ಸಲ ಢುಮ್ಕಿ ಹೊಡೆದು, ಮೂರನೆಯ ಸಲ ಪಾಸಾಗಿ ಅದೇ ಶಾಲೆಯಲ್ಲಿ ಗುಮಾಸ್ತನಾದವನು. ನಲವತ್ತು ದಾಟಿದ ಮೇಲೆ ಮನೆಯಲ್ಲೇ ಓದಿ ಬಿ.ಎ.ಗೆ ಕೂತೆ. ಎರಡು ವರ್ಷದ ಹಿಂದೆ, ನಾನು ಹೇಳುತ್ತಿರುವ ಕಾಲಕ್ಕೆ, ಕೊನೆಯ ಎರಡು ಪತ್ರಿಕೆ ಉಳಿದಿದ್ದವು. ಓಣಿಯಲ್ಲಿ ನನ್ನ ಹೆಸರು ಹೇಳುವವರು ಕಡಿಮೆ. 'ಓದಾಂವ' ಎಂದರೆ ನಾನು. ರೇಷನ್ ಕಾರ್ಡು, ಗುಳಿಗೆಯ ಚೀಟಿ, ಕೋರ್ಟಿನ ಕಾಗದ ಎಲ್ಲ ನಮ್ಮ ಕಟ್ಟೆಗೇ ಬರುತ್ತಿದ್ದವು. ನನ್ನ ಹೆಂಡತಿ ಸುನಿತಾ ಔರಾದ ಕಡೆಯವಳು, ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡದ ಕಾಗದ ಕಂಡರೆ ಅವಳೂ ನನ್ನ ಕಡೆಗೇ ಸರಿಸುತ್ತಿದ್ದಳು. ಪರರ ಕಾಗದ ಓದುವಾಗ ನನ್ನ ದನಿ ದಪ್ಪವಾಗುತ್ತದೆ ಎಂದು ನಗುತ್ತಿದ್ದಳು. ಆಗುತ್ತಿತ್ತು, ಒಪ್ಪುತ್ತೇನೆ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಸೋಮವಾರ ಬೆಳಿಗ್ಗೆ ತಲೆಯ ಹಿಂಬದಿ ಭಾರ ಎನ್ನಿಸಿತು. ಚಹಾ ಕುಡಿದರೆ ಹೋಗುತ್ತದೆ ಎಂದು ಬೀದರ ಬಸ್‌ಸ್ಟ್ಯಾಂಡಿಗೆ ಹೋದೆ. ಭಾಲ್ಕಿಯ ಬಸ್ಸು ನಿಲ್ಲುವ ಜಾಗದಲ್ಲಿ ಬೇರೊಂದು ಬಸ್ಸು ನಿಂತಿತ್ತು. ಅದರ ಬೋರ್ಡಿನಲ್ಲಿ ಏನೋ ಸುರುಳಿ ಸುರುಳಿ. ತೆಲಂಗಾಣದ ಗಾಡಿ ತಪ್ಪಿ ಇಲ್ಲಿ ನಿಂತಿದೆ ಎಂದುಕೊಂಡೆ. ಪಕ್ಕದ ಗಾಡಿಯ ಮೇಲೂ ಸುರುಳಿ. ಅದರಾಚೆಯದರ ಮೇಲೂ ಸುರುಳಿ. ಎದುರಿನ ಅಂಗಡಿಯ ಫಲಕ ನೋಡಿದೆ. ನಮ್ಮೂರಿನ ಅಂಗಡಿಗಳಲ್ಲಿ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಹೆಸರು ಬರೆಸುತ್ತಾರಲ್ಲ, ಆ ಮೂರು ಸಾಲುಗಳಿಗೂ ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಮಳೆ ಬಂದ ಮರುದಿನ ಗೋಡೆಯ ಮೇಲೆ ಬಸವನಹುಳು ಹರಿದ ಗುರುತು ಇರುತ್ತದಲ್ಲ, ಹಾಗಿದ್ದವು. ಬಣ್ಣ ತಿಳಿಯುತ್ತಿತ್ತು. ಅಂಗಡಿಯ ಮುಂದೆ ನಿಂತವರ ಮುಖ ತಿಳಿಯುತ್ತಿತ್ತು. ಅಕ್ಷರ ಮಾತ್ರ ಇಲ್ಲ.

ಪಕ್ಕದಲ್ಲಿ ನಿಂತವನನ್ನು ಇದು ಭಾಲ್ಕಿ ಬಸ್ಸೇ ಎಂದು ಕೇಳಿದೆ. ಬುದ್ಧಿ ಬಂದ ಮೇಲೆ ಇನ್ನೊಬ್ಬರನ್ನು ಬಸ್ಸಿನ ಬೋರ್ಡು ಕೇಳಿದ್ದು ಅದೇ ಮೊದಲು. ಅವನು ನನ್ನ ಇಸ್ತ್ರಿ ಮಾಡಿದ ಅಂಗಿ, ಜೇಬಿನ ಎರಡು ಪೆನ್ನು ನೋಡಿ, ಬೋರ್ಡಿನ ಕಡೆ ಕೈ ತೋರಿಸಿ, "ಬರದಾರಲ್ರಿ ಅಷ್ಟ ದೊಡ್ಡದಾಗಿ" ಅಂದ.

ಕಣ್ಣಿಗೆ ಏನೋ ಆಗಿದೆ ಎಂದುಕೊಂಡು ಕಚೇರಿ ಮುಟ್ಟಿದೆ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ. ಸಹಿ ಎಂದಿನಂತೆ ಬಂತು. ಜೀವ ಹಗುರಾಯಿತು. ಶಿವರಾಜಪ್ಪನವರು ಒಂದು ಪತ್ರ ಹೇಳಿ ಬರೆಸಿದರು. ಒಂದೂವರೆ ಪುಟ, ಎಲ್ಲೂ ತಡವರಿಸದೆ ಬರೆದೆ. ಬರೆಯುವಾಗ ನನ್ನ ಕೈಯನ್ನೇ ಹೆಮ್ಮೆಯಿಂದ ನೋಡುತ್ತಿದ್ದೆ. ಅವರು ಎಂದಿನಂತೆ, ಒಮ್ಮೆ ಓದಿ ಹೇಳು, ತಪ್ಪಿದ್ದರೆ ತಿದ್ದೋಣ ಅಂದರು.

ಹಾಳೆ ನೋಡಿದೆ. ನನ್ನದೇ ಅಕ್ಷರ, ಮಸಿ ಇನ್ನೂ ಆರಿರಲಿಲ್ಲ. ಒಂದು ಅಕ್ಷರವೂ ಗುರುತು ಹತ್ತಲಿಲ್ಲ.

ಆ ಕ್ಷಣವನ್ನು ನಿಮಗೆ ಹೇಗೆ ಹೇಳಲಿ. ಹೆತ್ತ ಮಗನೇ ಎದುರು ನಿಂತು ಯಾರಪ್ಪ ನೀನು ಎಂದು ಕೇಳಿದರೆ ಹೇಗಾಗಬಹುದೋ ಹಾಗಾಯಿತು. ಕಣ್ಣು ನೋಯುತ್ತಿವೆ ಎಂದು ಹೇಳಿ, ಅರ್ಧ ದಿನದ ರಜೆ ಹಾಕಿ ಹೊರಬಿದ್ದೆ. ರಜೆಯ ಅರ್ಜಿಯನ್ನೂ ನಾನೇ ಬರೆದೆ, ಅದೂ ಚೆನ್ನಾಗಿಯೇ ಬಂತು. ಹೊರಗೆ ಹೋಗುವಾಗ ಬಲಗಡೆಯ ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯಿತು. ಅಲ್ಲಿ ಚೌಕಟ್ಟು ಇರುವುದೇ ನನಗೆ ಕಂಡಿರಲಿಲ್ಲ.

ಕನ್ನಡಕದ ಅಂಗಡಿಗೆ ಹೋದೆ. ಅವನು ಗೋಡೆಯ ಮೇಲಿನ ಪಟ್ಟಿ ತೋರಿಸಿ ಓದಿರಿ ಅಂದ. ನಾನು ಓದಲಿಲ್ಲ, ಬೇಕಾದರೆ ಅದರ ಆಕಾರ ಬರೆದು ತೋರಿಸುತ್ತೇನೆ ಅಂದೆ. ಅವನಿಗೆ ಏನು ತಿಳಿಯಿತೋ, ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸಿದ. ಈಗ ಬಸವನಹುಳುವಿನ ಗುರುತು ದೊಡ್ಡದಾಗಿ ಕಾಣಿಸತೊಡಗಿತು.

ಯಾರಿಗಾದರೂ ಹೇಳಬೇಕಿತ್ತು. ಹೇಳಲಿಲ್ಲ. ಇದನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಮೂರು ತಲೆಮಾರು ಓದಿದ ಮನೆಯವನಾಗಿದ್ದರೆ ಆವತ್ತೇ ದವಾಖಾನೆಗೆ ಓಡುತ್ತಿದ್ದೆನೇನೋ. ನನಗೆ ಓದು ಎಂದರೆ ಕಣ್ಣು ಕಿವಿಯ ಹಾಗೆ ಹುಟ್ಟಿದಾಗಲೇ ಬಂದದ್ದಲ್ಲ, ಮೈ ಮುರಿದು ಗಳಿಸಿದ್ದು. ಕಳೆದುಹೋಯಿತು ಎಂದರೆ ಮೊದಲೇ ಇದ್ದಿರಲಿಲ್ಲ ಎನ್ನುವವರು ಇದ್ದರು. ದಿನಾ ಬೆಳಿಗ್ಗೆ ಹೊಸ ಕನ್ನಡಕ ಏರಿಸಿ ಪೇಪರು ಹಿಡಿದು ಕೂರುತ್ತಿದ್ದೆ. ಚಿತ್ರ ನೋಡಿ ಮೇಲು ಕೆಳಗು ಸರಿ ಮಾಡಿಕೊಳ್ಳುತ್ತಿದ್ದೆ. ಒಂದು ಹೊತ್ತು ಬಿಟ್ಟು ಪುಟ ಹೊರಳಿಸುತ್ತಿದ್ದೆ. ಕಚೇರಿಯಲ್ಲಿ, ಕಣ್ಣಿಗೆ ಔಷಧ ಹಾಕಿದ್ದಾರೆ, ಹೇಳಿದ್ದನ್ನು ಬರೆಯುತ್ತೇನೆ, ಓದುವ ಕೆಲಸ ಮಾತ್ರ ಬೇಡ ಎಂದು ಬೇಡಿಕೊಂಡೆ.

ನಾಲ್ಕನೆಯ ದಿನ ಸಂತಪುರದಿಂದ ಸಣ್ಣವ್ವ ಬಂದಳು. ಸಣ್ಣವ್ವ ಎಂದರೆ ಅವ್ವನ ತಂಗಿ. ಗಂಡ ತೀರಿಹೋಗಿ ಆಗ ವರ್ಷವೂ ಆಗಿರಲಿಲ್ಲ. ಮೂರು ಎಕರೆ ಹೊಲ ಅವಳ ಹೆಸರಿಗೆ ಏರಬೇಕಿತ್ತು. ಮೈದುನ ತಕರಾರು ಹಾಕಿದ್ದ. ಊರಿನಲ್ಲಿ ಓದುವವರು ಇರಲಿಲ್ಲವೆಂದಲ್ಲ. ಅವರಲ್ಲಿ ಯಾರು ಮೈದುನನ ಕಡೆಯವರೋ ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಒಂದು ಚೀಟಿ ಬಂದರೂ ಬಸ್ಸು ಹತ್ತಿ ನನ್ನ ಹತ್ತಿರವೇ ತರುತ್ತಿದ್ದಳು.

ಔರಾದ ತಹಸೀಲ ಕಚೇರಿಯಿಂದ ಬಂದ ಕಾಗದ. ಮಡಿಕೆ ಬಿಚ್ಚಿ ನನ್ನ ಕೈಗೆ ಕೊಟ್ಟು, ನೆಲದ ಮೇಲೆ ಕೂತು ಬಾಯಿ ನೋಡತೊಡಗಿದಳು. ಎದುರಿಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಕನ್ನಡಕ ಸರಿ ಮಾಡಿಕೊಂಡೆ. ಕೆಳಗಿನ ಮುದ್ರೆ ತಿಳಿಯಿತು. ಅಂಕಿಗಳು ಒಂಟಿಯಾಗಿದ್ದರೆ ತಿಳಿಯುತ್ತಿದ್ದವು, ಎರಡು ಮೂರು ಕೂಡಿದರೆ ಕಲಸಿಹೋಗುತ್ತಿದ್ದವು. ಹೋದ ತಿಂಗಳು ಅದೇ ಕಚೇರಿಯಿಂದ ಅಂಥದೇ ಕಾಗದ ಬಂದಿತ್ತು. ಫೋಟೋ, ಆಧಾರ್ ಕೊಡಿರಿ ಎಂದು ಅದರಲ್ಲಿತ್ತು. ಇದೂ ಅದೇ ಇರಬೇಕು ಎಂದು ಊಹಿಸಿದೆ. ಊಹಿಸಿದ್ದನ್ನು ಓದಿದವನ ಹಾಗೆ, ದಪ್ಪ ದನಿಯಲ್ಲಿ ಹೇಳಿದೆ: "ಮತ್ತ ಫೋಟೋನೇ ಕೇಳ್ಯಾರ, ಸಣ್ಣವ್ವ. ಅವಸರ ಇಲ್ಲ. ಮುಂದಿನ ತಿಂಗಳು ನಾನೇ ಹೋಗಿ ಕೊಟ್ಟು ಬರ್ತೇನಿ."

ಅವಳು ಸಮಾಧಾನದಿಂದ ಎರಡು ರೊಟ್ಟಿ ತಿಂದು ಊರಿಗೆ ಹೋದಳು.

ಹುಣ್ಣಿಮೆ ಬಂತು. ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಹುಣ್ಣಿಮೆಗೆ ವಂದನೆ ಹೇಳಿಸುವವನು ನಾನೇ. ಪುಸ್ತಕ ಬಿಚ್ಚಿ ಹಿಡಿದು ನಾನು ಹೇಳುತ್ತೇನೆ, ಎಲ್ಲರೂ ಹಿಂದೆ ಹೇಳುತ್ತಾರೆ. ಅದೆಲ್ಲ ಬಾಯಿಪಾಠ. ಒಂದು ಸೊಲ್ಲೂ ತಪ್ಪಲಿಲ್ಲ. ಹೇಳುತ್ತಿದ್ದಂತೆ ನನಗೇ ಅಳು ಬರುವಂತಾಯಿತು. ಬಾಯಿಯಲ್ಲಿ ಅಷ್ಟು ಸರಾಗವಾಗಿ ಹರಿಯುತ್ತಿದ್ದುದು ಕಣ್ಣೆದುರಿನ ಹಾಳೆಯಲ್ಲಿ ಸತ್ತುಬಿದ್ದಿತ್ತು. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡು ಮನೆಯ ಕಡೆ ನಡೆದೆ. ಜೊತೆಯಲ್ಲಿ ಅವ್ವ. ನಾಲ್ಕು ಹೆಜ್ಜೆ ಆದ ಮೇಲೆ ನನ್ನ ಮುಖ ನೋಡದೆಯೇ ಅಂದಳು:

"ನಿನಗ ಓದಾಕ ಬರ್ಲಿಕ್ಕತ್ತಿಲ್ಲ."

ನಾನು ನಗಲು ನೋಡಿದೆ.

"ನಗಬ್ಯಾಡ. ಓದೋರ ಕಣ್ಣು ಓಡ್ತಾವ. ನಿನ್ನ ಕಣ್ಣು ಹತ್ತ ದಿನದಿಂದ ನಿಂತಾವ. ನೀ ಸಣ್ಣಾವ ಇದ್ದಾಗ ನಿನ್ನ ಸಾಲ್ಯಾಗ ಮಾಸ್ತರು ಕಾಗದ ಕೊಟ್ಟರ ನಾನೂ ಹಿಂಗೇ ಹಿಡಕೊಂಡು ಕುಂದರ್ತಿದ್ದೆ. ನನಗ ತಿಳಿಯಂಗಿಲ್ಲೇನು?"

ನಲವತ್ತಾರು ವರ್ಷದ ಗಂಡಸು, ಬಿಳಿ ಅಂಗಿ ಹಾಕಿಕೊಂಡವನು, ಚರಂಡಿಯ ಕಟ್ಟೆಯ ಮೇಲೆ ಕೂತು ಅವ್ವನ ಸೆರಗು ಹಿಡಿದುಕೊಂಡೆ.

ಮರುದಿನ ದವಾಖಾನೆಗೆ ಹೋದೆವು. ಸ್ಕ್ಯಾನ್ ಆಯಿತು. ಡಾಕ್ಟರು ಸಣ್ಣ ವಯಸ್ಸಿನವರು. ಒಂದು ಹಾಳೆ ಕೊಟ್ಟು, ಏನಾದರೂ ಬರೆಯಿರಿ ಅಂದರು. 'ಅವ್ವ ಹೊರಗೆ ಕೂತಿದ್ದಾಳೆ' ಎಂದು ಬರೆದೆ. ಹಾಳೆ ತಿರುವಿ ಹಾಕಿ, ಸ್ವಲ್ಪ ಹೊತ್ತು ಊರ ಸುದ್ದಿ ಮಾತಾಡಿಸಿ, ಮತ್ತೆ ಅದೇ ಹಾಳೆ ತೋರಿಸಿ, ಇದೇನು ಬರೆದಿದೆ ಅಂದರು. ಗೊತ್ತಿಲ್ಲ ಅಂದೆ. ನೀವೇ ಬರೆದದ್ದು ಅಂದರು. ಗೊತ್ತು, ಆದರೆ ಏನೆಂದು ಗೊತ್ತಿಲ್ಲ ಅಂದೆ. ಅವರು ಮುಗುಳ್ನಗಲಿಲ್ಲ, ಮರುಗಲೂ ಇಲ್ಲ. ತಲೆಯ ಹಿಂಬದಿ, ಎಡಗಡೆ, ಒಂದು ಸಣ್ಣ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಚಿತ್ರದಲ್ಲಿ ತೋರಿಸಿದರು. ಮಾತಿನ ಜಾಗ ಬೇರೆ, ಅದು ನೆಟ್ಟಗಿದೆ. ಅಕ್ಷರಗಳ ಗುರುತು ಇಟ್ಟ ಜಾಗವೂ ನೆಟ್ಟಗಿದೆ. ಕಣ್ಣಿನಿಂದ ಅಲ್ಲಿಗೆ ಹೋಗುವ ದಾರಿ ಮಾತ್ರ ಕಡಿದಿದೆ. ಕೈಗೆ ಬರುವ ದಾರಿ ಬೇರೆ, ಅದಕ್ಕೇನೂ ಆಗಿಲ್ಲ. ಹಾಗಾಗಿ ಬರೆಯುತ್ತೀರಿ, ಓದಲಾರಿರಿ. ಮುಂದೆ ಎಷ್ಟು ಬರುತ್ತದೆ ಎಂದು ಈಗ ಹೇಳಲಾಗದು.

ಇದನ್ನು ಕೇಳಿ ನಾನು ಎಷ್ಟೋ ದಿನ ದಿಗಿಲಿನಲ್ಲೇ ಇದ್ದೆ. ಭಾಷೆ ಬರುತ್ತದೆ ಎಂದರೆ ಅದೆಲ್ಲ ಒಂದೇ ಗಂಟು ಎಂದು ನಾನು ತಿಳಿದಿದ್ದೆ. ಕನ್ನಡ ಅವ್ವನ ತೊಡೆಯ ಮೇಲೆ ಬಂದದ್ದು. ಹಿಂದಿನ ಓಣಿಯ ಹುಡುಗರ ಜೊತೆ ಗೋಲಿ ಆಡುತ್ತ ನಮ್ಮ ಬೀದರಿನ ಉರ್ದು ಬಂತು, ಯಾರೂ ಕಲಿಸಲಿಲ್ಲ. ಮದುವೆಯಾದ ಮೇಲೆ ಸುನಿತಾಳ ತವರಿಗೆ ಹೋಗಿ ಬಂದು ಮರಾಠಿ ಬಂತು. ಮೂರರಲ್ಲೂ ಒಂದು ಮಾತೂ ಕಳೆದಿರಲಿಲ್ಲ. ಜಗಳ ಬೇಕಾದರೂ ಆಡುತ್ತಿದ್ದೆ. ಆದರೆ ಅಕ್ಷರ ಹಾಗೆ ತಾನಾಗಿ ಬಂದದ್ದಲ್ಲ. ಬೆತ್ತದ ಏಟಿನೊಂದಿಗೆ, ಒಂದೊಂದಾಗಿ, ಕಣ್ಣಿನ ದಾರಿಯಲ್ಲಿ ತಲೆಗೆ ಹೊತ್ತು ಹಾಕಿದ್ದು. ಆ ಒಂದು ದಾರಿ ಇಷ್ಟು ಕಿರಿದು ಎಂದು ಯಾರಿಗೆ ಗೊತ್ತಿತ್ತು. ಸಾಸಿವೆ ಕಾಳಿನಷ್ಟು ರಕ್ತ ಸಾಕಾಯಿತು, ನಲವತ್ತು ವರ್ಷದ ಓದು ಆಚೆ ದಡದಲ್ಲಿ ಉಳಿಯಿತು.

ದವಾಖಾನೆಯಿಂದ ಬಂದ ಮೂರನೆಯ ದಿನ ಸಣ್ಣವ್ವ ಬಂದಳು. ಈ ಸಲ ಕೂರಲಿಲ್ಲ. ಅದೇ ಕಾಗದ ಕೈಯಲ್ಲಿತ್ತು. ಊರಿನಲ್ಲಿ ಯಾರೋ ಅದನ್ನು ನೋಡಿ ಹೇಳಿದ್ದರು: ಅದು ಹೊಲದ ತಕರಾರಿನ ವಿಚಾರಣೆಗೆ ಬರಬೇಕೆಂಬ ನೋಟೀಸು, ತಾರೀಖು ಮುಗಿದು ಆರು ದಿನವಾಗಿತ್ತು. ಮೈದುನ ಹೋಗಿದ್ದ. ಇವಳು ಹೋಗಿರಲಿಲ್ಲ. ಇವಳು ಬಾರದ ಕಾರಣ ಅರ್ಜಿ ತಳ್ಳಿಹಾಕಿದ್ದರು.

ನಾನು ಎಲ್ಲ ಹೇಳಿದೆ. ರಕ್ತ ಹೆಪ್ಪುಗಟ್ಟಿದ್ದು, ದಾರಿ ಕಡಿದದ್ದು, ಡಾಕ್ಟರು ಹೇಳಿದ್ದು. ನಡುವೆ ತಡೆಯದೆ ಅವಳು ಪೂರ್ತಿ ಕೇಳಿದಳು. ನನ್ನ ರೋಗಕ್ಕೆ ಮರುಗಿದಳು ಕೂಡ, ಅದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಅಂದಳು:

"ರೋಗ ಯಾರಿಗಿ ಬರಂಗಿಲ್ಲ ಹೇಳು, ತಮ್ಮಾ? 'ನನಗ ಓದಾಕ ಬರಂಗಿಲ್ರಿ' ಅಂತ ನಾ ದಿನಾ ಹೇಳ್ತೇನಿ. ಬಸ್‌ಸ್ಟ್ಯಾಂಡಿನಾಗ ಹೇಳ್ತೇನಿ, ಬ್ಯಾಂಕಿನಾಗ ಹೇಳ್ತೇನಿ, ಸಣ್ಣ ಸಣ್ಣ ಪೋರಗೋಳ ಮುಂದ ಹೇಳ್ತೇನಿ. ನಿನಗ ಒಂದ ಸಲ ಹೇಳಾಕ ಆಗಲಿಲ್ಲೇನು?"

ಕಾಗದವನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಹೊರಟಳು. ಅವ್ವ ತಡೆಯಲಿಲ್ಲ. ಚಹಾಕ್ಕೂ ನಿಲ್ಲದೆ ತಂಗಿ ಹೋದದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲು. ರಕ್ತ ಹೆಪ್ಪುಗಟ್ಟಿದ ದಿನಕ್ಕಿಂತ ಇದು ನನ್ನನ್ನು ಹೆಚ್ಚು ಅಲ್ಲಾಡಿಸಿತು. ಆವತ್ತು ಕಳೆದದ್ದು ನನ್ನ ಓದು. ಇವತ್ತು ಕಳೆದದ್ದು ನನ್ನ ಓದಿನ ಮೇಲೆ ಒಬ್ಬಳು ಇಟ್ಟಿದ್ದ ನಂಬಿಕೆ. ಓದು ಮರಳಿ ಬಂದರೂ ಅದು ಬಂದೀತೆಂದು ಯಾವ ಡಾಕ್ಟರು ಹೇಳಬೇಕು?

ಆಮೇಲೆ ನನ್ನ ಹೊಸ ಶಾಲೆ ಸುರುವಾಯಿತು. ಗುರು ಅವ್ವ. ಮೊದಲು ಅವಳು ನನಗೆ ಓದು ಬರದವರು ಬದುಕುವ ರೀತಿ ಕಲಿಸಿದಳು. ಬಸ್ಸಿನ ಬೋರ್ಡು ನೋಡಬೇಡ, ಅದಕ್ಕೆ ಹತ್ತುವವರನ್ನು ನೋಡು; ಅಷ್ಟೂರು ಹಳ್ಳಿಗೆ ಹೋಗುವವರ ಕೈಯಲ್ಲಿ ಕಳೆ ತೆಗೆಯುವ ಕುರುಪಿ ಇರುತ್ತದೆ, ಭಾಲ್ಕಿಗೆ ಹೋಗುವವರ ಕೈಯಲ್ಲಿ ಊಟದ ಡಬ್ಬಿ. ಗುಳಿಗೆ ಪಟ್ಟಿಯ ಒಂದು ಮೂಲೆ ಕತ್ತರಿಸಿದ್ದರೆ ಬೆಳಗಿನದು, ಎರಡು ಕತ್ತರಿಸಿದ್ದರೆ ಸಂಜೆಯದು. ಮುಖ್ಯವಾಗಿ, ಒಬ್ಬರನ್ನೇ ಕೇಳಬೇಡ, ಇಬ್ಬರನ್ನು ಕೇಳು. ಇಬ್ಬರೂ ಒಂದೇ ಹೇಳಿದರೆ ನಂಬು. ಅರವತ್ತು ವರ್ಷ ಅವಳು ಇಷ್ಟೆಲ್ಲ ತಲೆಯಲ್ಲಿ ಹೊತ್ತು ತಿರುಗಿದ್ದಳು. ನಾನು ಅದನ್ನು ಅಜ್ಞಾನ ಎಂದು ಕರೆಯುತ್ತಿದ್ದೆ. ಒಂದು ಸಲ ಅವಳು ಬ್ಯಾಂಕಿನ ಪುಸ್ತಕ ತಲೆಕೆಳಗಾಗಿ ಹಿಡಿದದ್ದಕ್ಕೆ ಜನರ ಮುಂದೆ ಗದರಿಸಿದ್ದೆ.

ಒಂದು ಸಂಜೆ ಸುಮ್ಮನೆ ಕೂತು, ಕ್ಯಾಲೆಂಡರಿನ ದಪ್ಪ ಅಕ್ಷರ ನೋಡುತ್ತ, ಅದರ ಆಕಾರವನ್ನು ತೊಡೆಯ ಮೇಲೆ ಬೆರಳಿನಿಂದ ಗೀಚುತ್ತಿದ್ದೆ. ಗೀಚಿ ಮುಗಿಸುವುದರೊಳಗೆ ಬಾಯಿ 'ರ' ಅಂದಿತು. ಹೆದರಿ ಕೈ ಹಿಂದಕ್ಕೆಳೆದುಕೊಂಡೆ. ಮತ್ತೆ ಗೀಚಿದೆ. ಮತ್ತೆ 'ರ'. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿದಿತ್ತು.

ಅವ್ವನಿಗೆ ಹೇಳಿದೆ. ಅವಳು ಏನೂ ಆಶ್ಚರ್ಯಪಡಲಿಲ್ಲ. ರೊಟ್ಟಿಯ ಹಿಟ್ಟು ನಾದುವ ಅಗಲ ಪರಾತ ತಂದು, ಜೋಳದ ಹಿಟ್ಟು ತೆಳ್ಳಗೆ ಹರವಿ ಎದುರಿಗಿಟ್ಟಳು. ನಿನ್ನ ಕಣ್ಣು ಮುಚ್ಚು, ನಾ ನೋಡಿ ಬರೆಯುತ್ತೇನೆ ಅಂದಳು. ಪೇಪರಿನ ದೊಡ್ಡ ಅಕ್ಷರ ನೋಡುತ್ತ, ನನ್ನ ಬೆರಳು ಹಿಡಿದು ಹಿಟ್ಟಿನಲ್ಲಿ ಎಳೆದಳು. ನನಗೆ ಏನೂ ತಿಳಿಯಲಿಲ್ಲ. ಅವಳದು ರಂಗೋಲಿಯ ಕೈ. ಕೆಳಗಿನಿಂದಲೋ ನಡುವಿನಿಂದಲೋ ಎಲ್ಲಿಂದ ಬೇಕಾದರೂ ಸುರು ಮಾಡುತ್ತಿತ್ತು. ಅಕ್ಷರ ಹಾಗಲ್ಲ. ಶಾಲೆಯಲ್ಲಿ ತಿದ್ದಿದ ದಾರಿಯಲ್ಲೇ ಬೆರಳು ಹೋಗಬೇಕು; ಸುರು ಮಾಡುವ ಜಾಗ ತಪ್ಪಿದರೆ ಆಕಾರ ಪೂರ್ತಿಯಾದರೂ ಹೆಸರು ಬರುತ್ತಿರಲಿಲ್ಲ. ಅವಳು ಬೇಸರಪಡದೆ ಆ ಕಡೆಯಿಂದ, ಈ ಕಡೆಯಿಂದ, ಮೇಲಿನಿಂದ ಎಳೆಯುತ್ತ ಹೋದಳು. ನಾಲ್ಕನೆಯದೋ ಐದನೆಯದೋ ಸಲಕ್ಕೆ ಬೆರಳು ಹಳೆಯ ಗಾಡಿಜಾಡಿಗೆ ಬಿದ್ದ ಹಾಗೆ ತಾನಾಗಿ ಓಡಿ, ಅಕ್ಷರ ಬಾಯಿಗೆ ಬಂತು. ಒಂದು ಶಬ್ದಕ್ಕೆ ಒಂದು ಸಂಜೆ ಹಿಡಿಯಿತು. ಅವಳಿಗೆ ಕಾಣುತ್ತಿತ್ತು, ಹೆಸರು ಗೊತ್ತಿರಲಿಲ್ಲ. ನನಗೆ ಹೆಸರು ಗೊತ್ತಿತ್ತು, ಗುರುತು ಸಿಗುತ್ತಿರಲಿಲ್ಲ. ಇಬ್ಬರೂ ಕೂಡಿ ಒಬ್ಬ ಓದುವವನಾದೆವು. ಹದಿನೈದು ದಿನದ ಮೇಲೆ ಅವಳು ಒಂದು ಅಕ್ಷರದ ಮೇಲೆ ಬೆರಳಿಟ್ಟು, "ಇದು ನಿನ್ನೆ ಬಂದಿತ್ತಲ, ಮತ್ತ ಯಾಕ ಬಂದದ?" ಅಂದಳು. ಸುನಿತಾ ಒಳಗೆ ನಕ್ಕಳು. ನನ್ನ ಕಣ್ಣು ಮರೆತದ್ದನ್ನು ಎಪ್ಪತ್ತು ದಾಟಿದ ಕಣ್ಣು ಹಿಡಿಯತೊಡಗಿತ್ತು.

ಕಚೇರಿಯಲ್ಲಿ ನನ್ನ ಮೇಜು ಹೋಯಿತು. ಮತ್ತೆ ಗಂಟೆ, ಗೇಟು. ಪರೀಕ್ಷೆಗೆ ಕೂರುತ್ತೇನೆ ಎಂದಾಗಲೇ ಶಿವರಾಜಪ್ಪನವರು ಹೊಳೆ ದಾಟುವ ಮಾತು ಆಡಿದ್ದು. ಡಾಕ್ಟರ ಪತ್ರ ಇಟ್ಟು ಅರ್ಜಿ ಹಾಕಿದೆ; ಪ್ರಶ್ನೆ ಓದಿ ಹೇಳಲು ಒಬ್ಬರನ್ನು ಕೊಡಲು ಒಪ್ಪಿದರು. ಪಾಠಗಳನ್ನು ಸುನಿತಾ ಓದಿ ಹೇಳಿದಳು. ಮೊದಮೊದಲು ಎರಡನೆಯ ಇಯತ್ತೆಯ ಮಗುವಿನ ಹಾಗೆ ಒಂದೊಂದೇ ಅಕ್ಷರ ಕೂಡಿಸುತ್ತಿದ್ದವಳು ಪರೀಕ್ಷೆ ಬರುವ ಹೊತ್ತಿಗೆ ಓಡತೊಡಗಿದಳು. ಕನ್ನಡ ನನ್ನ ಕಣ್ಣಿನಿಂದ ಇಳಿದು ಅವಳ ಕಣ್ಣಿಗೆ ಏರಿತು ಎನ್ನಬೇಕು.

ಪರೀಕ್ಷೆಯ ಕೋಣೆಯಲ್ಲಿ ಒಬ್ಬ ಶಿಕ್ಷಕಿ ಪ್ರಶ್ನೆ ಓದಿದರು. ಬರೆಯುತ್ತ ಹೋದೆ. ನಡುವೆ ಯಾರೋ ಬಂದು ಹಾಜರಿಗೆ ಸಹಿ ಕೇಳಿದರು. ಮಾಡಿ ಕೊಟ್ಟು ತಿರುಗಿದರೆ ಎಲ್ಲಿ ನಿಲ್ಲಿಸಿದ್ದೆ, ಏನು ಬರೆಯುತ್ತಿದ್ದೆ, ಒಂದೂ ಗೊತ್ತಿಲ್ಲ. ನನ್ನ ವಾಕ್ಯ ನನ್ನೆದುರೇ ಬಾಯಿ ಮುಚ್ಚಿ ಕೂತಿತ್ತು. ಕೊನೆಯ ಎರಡು ಶಬ್ದದ ಮೇಲೆ ಬೆರಳಾಡಿಸಿ, ನೆನಪು ಹಿಡಿದು, ಮುಂದುವರಿದೆ. ಬಲಗಡೆ ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ; ಹಾಳೆ ಮುಗಿದರೂ ಕೈ ನಿಲ್ಲುತ್ತಿರಲಿಲ್ಲ. ಮುಗಿಸಿ ಏಳುವಾಗ ಆ ಶಿಕ್ಷಕಿ ಮೆಲ್ಲಗೆ ತೋರಿಸಿದರು: ನನ್ನ ಉತ್ತರದ ಎಷ್ಟೋ ಸಾಲುಗಳ ತುದಿ ಮೇಜಿನ ಹಲಗೆಯ ಮೇಲಿದ್ದವು. ಮೇಜನ್ನು ಯಾರು ತಿದ್ದುತ್ತಾರೆ. ಒಂದು ಪತ್ರಿಕೆ ಪಾಸು, ಒಂದು ಢುಮ್ಕಿ. ಮುಂದಿನ ಸಲ ಹಾಳೆಯ ಬಲ ಅಂಚಿಗೆ ಅಡ್ಡಪಟ್ಟಿ ಇಟ್ಟುಕೊಂಡು ಬರೆದೆ.

ಈ ನಡುವೆ ಸಣ್ಣವ್ವ ಮತ್ತೆ ಹಾಕಿದ್ದ ಅರ್ಜಿ ಔರಾದ ತಹಸೀಲ ಕಚೇರಿಯಲ್ಲಿ ನಡೆದಿತ್ತು. ಪ್ರತಿ ತಾರೀಖಿಗೂ ನಾನು ಹೋದೆ. ಅವಳು ಕರೆಯಲಿಲ್ಲ, ಅವ್ವನಿಂದ ತಾರೀಖು ತಿಳಿದು ಹೋಗುತ್ತಿದ್ದೆ. ಬೀದರಿನಲ್ಲಿ ಔರಾದ ಬಸ್ಸು ಹತ್ತಿ ಕೂತರೆ ಸಂತಪುರದಲ್ಲಿ ಅವಳು ಹತ್ತುತ್ತಿದ್ದಳು. ನನ್ನ ಪಕ್ಕ ಜಾಗವಿದ್ದರೂ ಮುಂದೆ ಹೋಗಿ ಹೆಂಗಸರ ಸೀಟಿನಲ್ಲಿ ಕೂರುತ್ತಿದ್ದಳು. ಕಚೇರಿಯಲ್ಲಿ ಮೊದಲ ದಿನ ಗುಮಾಸ್ತ ಒಂದು ಕಾಗದ ಅವಳಿಗೆ ಕೊಟ್ಟ. ಅವಳು ನನ್ನ ಕಡೆ ನೋಡಲಿಲ್ಲ. ನಾನೇ ಮುಂದೆ ಹೋಗಿ ಹೇಳಿದೆ: "ನನಗ ಓದಾಕ ಬರಂಗಿಲ್ರಿ. ಓದಿ ಹೇಳ್ರಿ."

ಗುಮಾಸ್ತ ನನ್ನನ್ನು ಮೇಲೆ ಕೆಳಗೆ ನೋಡಿ, ಓದಿ ಹೇಳಿದ. ಅವ್ವನ ಪಾಠದಂತೆ ಇನ್ನೊಬ್ಬರ ಹತ್ತಿರವೂ ಓದಿಸಿದೆ. ಇಬ್ಬರೂ ಒಂದೇ ಹೇಳಿದರು. ಹೀಗೆ ಒಂದು ವರ್ಷ ನಡೆದು ಹೊಲ ಅವಳ ಹೆಸರಿಗೆ ಏರಿತು. ಆದರೆ ನನ್ನ ಕಟ್ಟೆಗೆ ಅವಳ ಕಾಗದ ಮತ್ತೆ ಬರಲಿಲ್ಲ. ಸಂತಪುರದ ಒಬ್ಬ ಮಾಸ್ತರರ ಹತ್ತಿರ ಓದಿಸುತ್ತಾಳೆ ಎಂದು ತಿಳಿಯಿತು. ಮನೆಗೆ ಬಂದರೆ ಮಾತಾಡುತ್ತಿದ್ದಳು, ಉಣ್ಣುತ್ತಿದ್ದಳು, ಚೀಲ ಮಾತ್ರ ಬಿಚ್ಚುತ್ತಿರಲಿಲ್ಲ.

ನಿನ್ನೆ ಪದವಿಯ ಪ್ರಮಾಣಪತ್ರ ಬಂತು. ಪಾಸಾದ ಸುದ್ದಿ ಕೆಲವು ತಿಂಗಳ ಹಿಂದೆಯೇ ಬಂದಿತ್ತು, ಕಾಗದ ಈಗ ಕೈಗೆ ಸಿಕ್ಕಿತು. ಮನೆಗೆ ತರುವ ಹೊತ್ತಿಗೆ ಸಣ್ಣವ್ವ ಬಂದು ಅವ್ವನ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಅದನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದು, ಬಹಳ ಹೊತ್ತು ನೋಡಿ, ತಂಗಿಯ ಕೈಗೆ ದಾಟಿಸಿದಳು. ಸಣ್ಣವ್ವ ಮುದ್ರೆಯ ಮೇಲೆ ಬೆರಳಾಡಿಸಿದಳು. ತಿರುವಿ ಹಿಂಬದಿ ನೋಡಿದಳು. ನಾನು ನಿಂತೇ ಇದ್ದೆ. ದಪ್ಪ ಕಾಗದ, ತುಂಬ ಬರಹ. ನನ್ನ ಬೆರಳಿಗೆ ಅದು ಅರ್ಧ ಮಧ್ಯಾಹ್ನದ ಕೆಲಸ ಎಂದು ನೋಡಿದಾಗಲೇ ಅಂದಾಜಾಗಿತ್ತು. ಪಕ್ಕದಲ್ಲಿ ಸುನಿತಾ ಇದ್ದಳು, ಅವಳಿಗೆ ಕೊಟ್ಟರೆ ಎರಡು ನಿಮಿಷ.

ಸಣ್ಣವ್ವ ಅದನ್ನು ಸುನಿತಾಳಿಗೆ ಕೊಡಲಿಲ್ಲ. ಎದುರಿನ ಶೇಂಗಾ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ನನ್ನನ್ನು ಕೂಡಿಸಿ, ಪ್ರಮಾಣಪತ್ರವನ್ನು ನನ್ನ ತೊಡೆಯ ಮೇಲೆ ಇಟ್ಟಳು.

"ಏನೇನ ಬರದಾರ, ಎಲ್ಲ ಓದಿ ಹೇಳು, ತಮ್ಮಾ. ಆರರ ಬಸ್ಸ ಹೋದರ ಹೋಗ್ಲಿ. ನಾ ಕುಂತೀನಿ."